ಸಂರಕ್ಷಣಾ ಮೀಸಲು: ಮರಳ ದಿಬ್ಬಕ್ಕೂ ಬೇಕು, ಹುಲ್ಲುಗಾವಲಿಗೂ ಬೇಕು

ಒಂದು ಜಾಗವನ್ನು ಅದರ ಗಿಡ, ಪ್ರಾಣಿ, ನೆಲ, ನೀರಿನ ಸಮೇತ ಉಳಿಸಿಕೊಳ್ಳಬೇಕೆಂದು ಸರ್ಕಾರ ಅಧಿಸೂಚನೆ ಹೊರಡಿಸಿ ಗಡಿ ಗುರುತಿಸಿದರೆ ಅದು ಮೀಸಲು. ದಟ್ಟ ಕಾಡಿಗೆ ಹೀಗೆ ಮಾಡಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ಜಗಳೂರು, ಚಳ್ಳಕೆರೆ ಕಡೆಯ ಹುಲ್ಲುಗಾವಲಿನ ಮಾತು ತೆಗೆದು ನೋಡಿ, "ಅಲ್ಲೇನೈತಣ್ಣಾ ಕಾಯಾಕೆ? ಬರೀ ಹುಲ್ಲು, ಕಲ್ಲು" ಎನ್ನುತ್ತಾರೆ. ಕರಾವಳಿಯ ಮರಳ ದಿಬ್ಬದ ಮೇಲೂ ಇದೇ ತಕರಾರು. ಮರವಿಲ್ಲದ ನೆಲವೆಲ್ಲ ಖಾಲಿ ನೆಲ ಎಂದುಕೊಂಡಿದ್ದೇವೆ. ಮೀಸಲು ಎಂಬ ಏರ್ಪಾಡಿನ ಬೆಲೆ ಗೊತ್ತಾಗುವುದು ಇಂಥ ನೆಲದಲ್ಲೇ, ಹಾಗಾಗಿ ದಿಬ್ಬದಿಂದಲೇ ಶುರುಮಾಡೋಣ.

ನಮ್ಮ ದಾವಣಗೆರೆಯಿಂದ ಗೋಕರ್ಣ, ಮುರುಡೇಶ್ವರಕ್ಕೆ ಹೋಗುವವರು ನೀರಿಗಿಳಿಯುವ ಅವಸರದಲ್ಲಿ ದಿಬ್ಬ ಹತ್ತಿ ಇಳಿದಿರುತ್ತಾರೆ, ನಿಂತು ನೋಡಿರುವುದಿಲ್ಲ. ಒಣಗಿದ ಮರಳನ್ನು ಗಾಳಿ ದಡದ ಮೇಲಕ್ಕೆ ತಳ್ಳುತ್ತಾ ಹೋಗುತ್ತದೆ. ಅಡ್ಡಕ್ಕೆ ಏನಾದರೂ ಸಿಕ್ಕರೆ ಅಲ್ಲೇ ಉದುರಿಸುತ್ತದೆ. ಅಡ್ಡ ಸಿಗುವುದು ಹೆಚ್ಚಾಗಿ ಅಡುಂಬು ಬಳ್ಳಿ. ಮೇಕೆಯ ಗೊರಸಿನಂತೆ ತುದಿ ಸೀಳಿದ ದಪ್ಪ ಎಲೆ, ನೇರಳೆ ಹೂವು. ಅದನ್ನು ಮರಳು ಮುಚ್ಚಿದಷ್ಟೂ ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಮತ್ತೆ ಮೇಲೆ ಬರುತ್ತದೆ. ಬಳ್ಳಿ ಮೇಲೆ ಬಂದಂತೆ ಮರಳೂ ಏರುತ್ತದೆ. ಬಳ್ಳಿ ಹಿಡಿದ ಮರಳಿನ ಹಿಂದೆ ಒರಟು ಹುಲ್ಲು, ಅದರ ಹಿಂದೆ ಕುರುಚಲು ಗಿಡ. ಇಷ್ಟೆಲ್ಲ ನಿಂತಿರುವುದು ಆ ಬಳ್ಳಿಯ ಮೇಲೆ. ಒಂದೇ ಜಾಗದಲ್ಲಿ ಜನ ದಿನಾ ತುಳಿದರೆ ಬಳ್ಳಿ ಸಾಯುತ್ತದೆ, ಆ ಕಾಲುದಾರಿಯಲ್ಲಿ ಗಾಳಿ ನುಗ್ಗಿ ದಿಬ್ಬವನ್ನೇ ಕೊರೆದುಬಿಡುತ್ತದೆ.

ಮಳೆಗಾಲದ ಅಲೆ ದಿಬ್ಬದ ಮುಖವನ್ನು ಕಡಿದು ಮರಳನ್ನು ಒಳಕ್ಕೆ ಎಳೆದೊಯ್ಯುತ್ತದೆ. ನೋಡಿದವರಿಗೆ ದಡವೇ ಹೋಯಿತು ಎನಿಸುತ್ತದೆ. ಆ ಮರಳು ದಡದ ಸಮೀಪವೇ ನೀರಿನಡಿ ದಿಣ್ಣೆಯಾಗಿ ಕೂತು, ಮುಂದಿನ ಅಲೆಗಳು ದೂರದಲ್ಲೇ ಒಡೆಯುವಂತೆ ಮಾಡುತ್ತದೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದರಲ್ಲಿ ಬಹುಪಾಲನ್ನು ವಾಪಸು ತಂದು ಹಾಕುತ್ತವೆ. ದಿಬ್ಬ ಸಪಾಟು ಮಾಡಿ ರೆಸಾರ್ಟ್ ಕಟ್ಟಿದ ಕಡೆ ಈ ಕೊಡುಕೊಳ್ಳುವಿಕೆಗೆ ಮರಳೇ ಇರುವುದಿಲ್ಲ. ಅಲೆ ನೇರ ಕಾಂಪೌಂಡಿಗೆ ಹೊಡೆಯುತ್ತದೆ. ಆಮೇಲೆ ಲಾರಿಗಟ್ಟಲೆ ಬಂಡೆ ತಂದು ಸುರಿಯುವ ಟೆಂಡರು.

ನೀರಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಮಳೆನೀರು ದಿಬ್ಬದೊಳಗೆ ಇಂಗಿ, ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರಿದ್ದರೆ ಮಟ್ಟದ ಕೆಳಗೆ ಸುಮಾರು 40 ಮೀಟರ್ ಇರುತ್ತದೆ ಎಂಬುದು ಲೆಕ್ಕ. ಕಡಲಂಚಿನ ಬಾವಿಯಲ್ಲಿ ಸಿಹಿನೀರು ಸಿಗುವುದು ಇದರಿಂದ. ಆಮ್‌ಸ್ಟರ್‌ಡ್ಯಾಮ್ ನಗರ 1853ರಿಂದ ದಿಬ್ಬದ ನೀರು ಕುಡಿಯುತ್ತಿದೆ, ಆ ದಿಬ್ಬಗಳನ್ನು ಇವತ್ತಿಗೂ ಕಾಯುತ್ತಿದೆ. ವಾರಕ್ಕೊಮ್ಮೆ ನಲ್ಲಿ ನೀರು ಬಿಡಿಸಿಕೊಂಡ ಊರಿನವರಿಗೆ ಇದು ಬೇಗ ಅರ್ಥವಾಗಬೇಕು.

ಹಾಗಾದರೆ ಕಾನೂನಿನಲ್ಲಿ ದಿಬ್ಬಕ್ಕೆ ರಕ್ಷಣೆ ಇಲ್ಲವೇ? ಇದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮರಳ ದಿಬ್ಬಗಳನ್ನು ಅತಿ ಸೂಕ್ಷ್ಮ ವರ್ಗಕ್ಕೆ ಸೇರಿಸಿದೆ. ಆದರೆ ಇಂಥದ್ದು ಕಟ್ಟಬೇಡಿ, ಇಂಥದ್ದು ಅಗೆಯಬೇಡಿ ಎನ್ನುವುದೇ ಅದರ ಕೆಲಸ. ಬಳ್ಳಿ ಸತ್ತ ಕಡೆ ಮತ್ತೆ ನೆಡುವುದು, ಕಾಲುದಾರಿ ತಪ್ಪಿಸುವುದು, ಕಡಲಾಮೆ ಮೊಟ್ಟೆಯಿಡುವ ಕಾಲಕ್ಕೆ ಕಾವಲು ಹಾಕುವುದು ಇವೆಲ್ಲ ಅದರಿಂದ ತಾನಾಗಿ ಆಗುವುದಿಲ್ಲ. ಅದಕ್ಕೆ ಮೀಸಲು ಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಮುಖ್ಯವಾಗಿ ಇದ್ದದ್ದು ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮ. ಉದ್ಯಾನದಲ್ಲಿ ದನ ಮೇಯಿಸುವಂತಿಲ್ಲ. ಧಾಮದಲ್ಲಿ ಕಟ್ಟುಪಾಡಿನೊಳಗೆ ಅವಕಾಶವಿದೆ. 2002ರ ತಿದ್ದುಪಡಿ ಇನ್ನೆರಡನ್ನು ಸೇರಿಸಿತು. ಸರ್ಕಾರಿ ಜಾಗವಾದರೆ, ಸ್ಥಳೀಯ ಜನರೊಂದಿಗೆ ಸಮಾಲೋಚಿಸಿ ಘೋಷಿಸುವುದು ಸಂರಕ್ಷಣಾ ಮೀಸಲು. ಊರಿನವರು ತಮ್ಮದೇ ಜಾಗವನ್ನು ತಾವಾಗಿ ಮುಂದೆ ಬಂದು ಒಪ್ಪಿಸಿದರೆ ಸಮುದಾಯ ಮೀಸಲು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಇದಕ್ಕೆ ಉದಾಹರಣೆ. ಸಂರಕ್ಷಣಾ ಮೀಸಲಿನಲ್ಲಿ ಮೊದಲಿನಿಂದ ಇರುವವರನ್ನು ಒಕ್ಕಲೆಬ್ಬಿಸುವ ಮಾತಿಲ್ಲ, ಅದರ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಕೂರುತ್ತಾರೆ. ಬಲೆ ಒಣಗಿಸಲು ದಿಬ್ಬ ಬೇಕಾದ ಮೀನುಗಾರರಿಗೂ ಹುಲ್ಲು ಬೇಕಾದ ಕುರಿಯವರಿಗೂ ನನ್ನ ಲೆಕ್ಕದಲ್ಲಿ ಹೊಂದುವುದು ಇದೇ.

ನಮ್ಮಲ್ಲೂ ಮೀಸಲುಗಳಿಗೆ ಬರವಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಜೀವಿಧಾಮವಾಯಿತು. ಈ ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ದಿನಾ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವ ಅಭ್ಯಾಸ ಇದಕ್ಕೆ, ಪ್ರಾಣಿ ಕಾಣದಿದ್ದರೂ ಹಿಕ್ಕೆಯ ಗುಡ್ಡೆ ನೋಡಿ ಇಲ್ಲಿದೆ ಎನ್ನಬಹುದು. ಕಡೂರಿನ ಬಾಸೂರು ಅಮೃತಮಹಲ್ ಕಾವಲು, ಅಂದರೆ ಅಮೃತಮಹಲ್ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲು, ಅದೇ 2011ರಲ್ಲಿ ಸಂರಕ್ಷಣಾ ಮೀಸಲಾಯಿತು. 7 ಚದರ ಕಿಲೋಮೀಟರ್ ಚಿಲ್ಲರೆ ಜಾಗ, ಅಲ್ಲಿ ಕೃಷ್ಣಮೃಗಗಳಿವೆ. ಅಂಥದ್ದೇ ಹುಲ್ಲು ಬೆಳೆಯುವ ಚಳ್ಳಕೆರೆಯ ಕಾವಲುಗಳಿಗೆ ಆ ಅದೃಷ್ಟ ಬರಲಿಲ್ಲ. ಕುದಾಪುರ, ಉಳ್ಳಾರ್ತಿ ಸುತ್ತ ಸಾವಿರಾರು ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿಕೆಯಾಗಿ, ಗೋಡೆ ಎದ್ದು, ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ವಿಜ್ಞಾನ ಸಂಸ್ಥೆಗಳು ಬೇಡವೆಂದಲ್ಲ. ದಾಖಲೆಯಲ್ಲಿ ಖಾಲಿ ಎಂದು ಕಂಡದ್ದು ಮೊದಲು ಕೈಬದಲಾಗುತ್ತದೆ, ಅಷ್ಟೇ.

ಖಾಲಿ ಎನ್ನುವ ಕಣ್ಣು ಮಾಡುವ ಇನ್ನೊಂದು ಅನಾಹುತ ಗಿಡ ನೆಡುವುದು. ದಿಬ್ಬದ ಮೇಲೆ ಗಾಳಿಮರದ ಸಾಲು, ಕಾವಲಿನಲ್ಲಿ ನೀಲಗಿರಿ, ಉಳಿದ ಕಡೆಗೆ ತಾನಾಗಿ ನುಗ್ಗುವ ಬಳ್ಳಾರಿ ಜಾಲಿ. ನೆಟ್ಟವರಿಗೆ ಪುಣ್ಯ ಬಂದಂತೆ ಅನಿಸಿದರೂ, ಆ ನೆರಳಿನಲ್ಲಿ ಬಯಲಿನ ಹುಲ್ಲೂ ಬಿಸಿಲು ಬೇಡುವ ಬಳ್ಳಿಯೂ ಸೊರಗುತ್ತವೆ. ನೆದರ್ಲೆಂಡ್ಸಿನಲ್ಲಿ ಕೆಲವು ಕಡೆ ದಿಬ್ಬದ ಮೇಲಿನ ಪೈನ್ ಮರಗಳನ್ನು ಕಡಿದು, ಮರಳು ಮತ್ತೆ ಹಾರಾಡಲು ಬಿಟ್ಟಿದ್ದಾರೆ. ಇಲ್ಲಿ ಯಾರಾದರೂ ಹಾಗೆ ಮಾಡಿದರೆ ಪರಿಸರಪ್ರೇಮಿಗಳೇ ಮೊದಲು ಧರಣಿ ಕೂರುತ್ತಾರೇನೋ!

ಗಡಿ ಹಾಕಿದ ಮಾತ್ರಕ್ಕೆ ಎಲ್ಲವೂ ಉಳಿಯುತ್ತದೆಂದೂ ಅಲ್ಲ. ಸ್ಪೇನಿನ ದೊನ್ಯಾನಾ ಚಲಿಸುವ ಮರಳ ದಿಬ್ಬಗಳಿಗೂ ಜೌಗಿಗೂ ಹೆಸರಾದದ್ದು, 1969ರಿಂದ ರಾಷ್ಟ್ರೀಯ ಉದ್ಯಾನ. ಒಳಗೆ ಒಂದು ಹಾರೆಯೂ ಬೀಳದಂತೆ ಕಾದರೂ ಅಲ್ಲಿನ ಕೊಳಗಳು ಒಣಗತೊಡಗಿದವು. ಮಳೆ ಕಡಿಮೆಯಾದದ್ದು ಒಂದು ಕಾರಣ, ಉದ್ಯಾನದ ಹೊರಗಿನ ಸ್ಟ್ರಾಬೆರಿ ತೋಟಗಳ ಕೊಳವೆಬಾವಿಗಳು ಇನ್ನೊಂದು. 2021ರಲ್ಲಿ ಯುರೋಪಿನ ನ್ಯಾಯಾಲಯ ಅಂತರ್ಜಲ ಕಾಯಲಿಲ್ಲವೆಂದು ಸ್ಪೇನಿನ ವಿರುದ್ಧವೇ ತೀರ್ಪು ಕೊಟ್ಟಿತು. ಪಕ್ಕದ ಅಡಿಕೆ ತೋಟದಲ್ಲಿ ಹೊಸ ಬೋರ್ ಕೊರೆದ ಮೇಲೆ ತಮ್ಮ ಬೋರ್ ನಿಂತುಹೋದದ್ದನ್ನು ನೋಡಿರುವ ಚನ್ನಗಿರಿ, ಹೊಳಲ್ಕೆರೆಯ ರೈತರಿಗೆ ಈ ವ್ಯಾಜ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.