ಲೇಯರ್ ಆ್ಯಪ್‌ಕಿಟ್‌ನ ಸ್ವತ್ತು

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಫೋಟೊ ಸ್ಟುಡಿಯೊಗೆ ಮದುವೆ ಆಲ್ಬಮ್ ಜೋಡಿಸುವ ಮ್ಯಾಕ್ ಆ್ಯಪ್ ಮಾಡಿಕೊಟ್ಟಿದ್ದೆ. ಡಿಸೈನ್ ಮಾಡುವ ಹುಡುಗ ಫೋನ್ ಮಾಡಿ, "ಸಾರ್, ಸೈಡ್ ಪಟ್ಟಿ ಓಪನ್ ಮಾಡಿದ್ರೆ ಹಾಳೆ ಜರ್ಕ್ ಹೊಡೀತೈತೆ" ಅಂದ. ಹೋಗಿ ನೋಡಿದೆ, ನಿಜ. ಪಟ್ಟಿ ಜಾರಿ ಬರುವಷ್ಟರಲ್ಲಿ ಆಲ್ಬಮ್ ಹಾಳೆ ನಾಲ್ಕೈದು ಕಡೆ ತಡೆದು ನಿಲ್ಲುತ್ತಿತ್ತು.

ತಪ್ಪು ನನ್ನದೇ. ಮ್ಯಾಕ್ ಆ್ಯಪ್‌ನ ಪರದೆ ಕಟ್ಟಲು ಆ್ಯಪಲ್ ಕೊಡುವ ಚೌಕಟ್ಟು ಆ್ಯಪ್‌ಕಿಟ್. ಅದರಲ್ಲಿ ಪರದೆಯ ಒಂದೊಂದು ಭಾಗ ಒಂದು ವ್ಯೂ, ವ್ಯೂನ ಚಿತ್ರ ಹಿಡಿದಿಡುವ ಪದರ ಲೇಯರ್. ಲೇಯರ್ ಇರುವ ವ್ಯೂನ ಅಳತೆ ಬದಲಾದರೆ, ಬೇರೆ ಹೇಳದ ಹೊರತು, ಆ್ಯಪ್‌ಕಿಟ್ ಅದನ್ನು ಮತ್ತೆ ಬಿಡಿಸುತ್ತದೆ. ಅನಿಮೇಷನ್ ನಡೆಯುವಾಗ ಪ್ರತಿ ಫ್ರೇಮ್‌ಗೂ ಮೇನ್ ಥ್ರೆಡ್ (ಆ್ಯಪ್‌ನ ಮುಖ್ಯ ಕೆಲಸದ ಸಾಲು) ಇಡೀ ಹಾಳೆ ಬಿಡಿಸುತ್ತಿತ್ತು. ಯಾವಾಗ ಮತ್ತೆ ಬಿಡಿಸಬೇಕೆಂದು ಹೇಳುವ ರೀಡ್ರಾ ಪಾಲಿಸಿಯನ್ನು 'ಆನ್‌ಸೆಟ್‌ನೀಡ್ಸ್‌ಡಿಸ್‌ಪ್ಲೇ' (ಕೇಳಿದಾಗ ಮಾತ್ರ) ಎಂದು ಬದಲಿಸಿದೆ. ಈಗ ಒಮ್ಮೆ ಬಿಡಿಸಿದ ಚಿತ್ರವನ್ನೇ ಲೇಯರ್‌ಗಳನ್ನು ನೋಡಿಕೊಳ್ಳುವ ಕೋರ್ ಅನಿಮೇಷನ್ ಸರಿಸುತ್ತದೆ. ಜರ್ಕ್ ಹೋಯಿತು, ಆದರೆ ವಧೂವರರ ಹೆಸರು ರಬ್ಬರಿನಂತೆ ಅಗಲಕ್ಕೆ ಎಳೆದುಕೊಂಡಿತು. ಇದ್ದ ಚಿತ್ರವನ್ನು ಹೊಸ ಅಳತೆಗೆ ಹಿಗ್ಗಿಸುವುದು ಲೇಯರ್‌ನ ರೂಢಿ. ಚಿತ್ರ ಹೇಗೆ ಕೂರಬೇಕೆಂದು ಹೇಳುವ ಕಂಟೆಂಟ್ಸ್ ಪ್ಲೇಸ್‌ಮೆಂಟನ್ನು 'ಟಾಪ್‌ಲೆಫ್ಟ್' ಮಾಡಿ, ಅನಿಮೇಷನ್ ಮುಗಿದ ಮೇಲೆ ಒಂದೇ ಸಲ ಬಿಡಿಸಿದೆ.

ಐಫೋನ್ ಆ್ಯಪ್ ಬರೆದು ಇಲ್ಲಿಗೆ ಬಂದವರು ಎಡವುವುದು ಇನ್ನೊಂದು ಕಡೆ. ಅಲ್ಲಿ ಪ್ರತಿ ವ್ಯೂಗೂ ಮೊದಲಿನಿಂದ ಲೇಯರ್ ಇದೆ. ಮ್ಯಾಕ್‌ಗೆ ಅದು ಬಂದದ್ದು 2007ರ ಮ್ಯಾಕ್ ಆವೃತ್ತಿ ಲೆಪರ್ಡ್‌ನಲ್ಲಿ, ಅದೂ 'ವಾಂಟ್ಸ್‌ಲೇಯರ್' ಎಂದು ಕೇಳಿ ಪಡೆಯಬೇಕಿತ್ತು. 2018ರ ಮೊಹಾವಿ ಆವೃತ್ತಿಯ ಎಸ್‌ಡಿಕೆಯಿಂದೀಚೆಗೆ (ಆ್ಯಪ್ ಕಟ್ಟುವ ಸಲಕರಣೆ) ತಾನಾಗಿಯೇ ಬರುತ್ತದೆ. ಕೈಗೆ ಸಿಕ್ಕಿತೆಂದು ಅದರ ಫ್ರೇಮ್ (ಜಾಗ, ಅಳತೆ), ಟ್ರಾನ್ಸ್‌ಫಾರ್ಮ್ (ತಿರುಗಿಸುವುದು, ಹಿಗ್ಗಿಸುವುದು) ತಿದ್ದಲು ಹೋಗಬೇಡಿ, ದಯವಿಟ್ಟು. ಅದನ್ನು ನೋಡಿಕೊಳ್ಳುವುದು ಆ್ಯಪ್‌ಕಿಟ್. ನೀವು ತಿದ್ದಿದ್ದನ್ನು ಅದು ಯಾವಾಗ ಬೇಕಾದರೂ ಅಳಿಸಿಹಾಕುತ್ತದೆ. ಪೂರ್ತಿ ಹಿಡಿತ ನಿಮಗೇ ಬೇಕಾದರೆ ಮೊದಲು ನಿಮ್ಮ ಲೇಯರ್ ಕೊಡಿ, ಆಮೇಲೆ 'ವಾಂಟ್ಸ್‌ಲೇಯರ್' ಹೇಳಿ. ಈ ಎರಡು ಸಾಲು ಹಿಂದುಮುಂದಾಗಬಾರದು. ಹಾಗೆ ಮಾಡಿದ ವ್ಯೂನೊಳಗೆ ಸಬ್‌ವ್ಯೂ ಹಾಕಲೂಬಾರದು.

ಮೆಮೊರಿ ಲೆಕ್ಕವನ್ನೂ ಮರೆಯುವಂತಿಲ್ಲ. 1200×800 ಪಾಯಿಂಟ್‌ನ ವ್ಯೂ, ಪಾಯಿಂಟ್‌ಗೆ ಅಗಲ-ಎತ್ತರ ಎರಡರಲ್ಲೂ ಎರಡು ಪಿಕ್ಸೆಲ್ ಇರುವ ರೆಟಿನಾ ಪರದೆಯಲ್ಲಿ 2400×1600 ಪಿಕ್ಸೆಲ್. ಪಿಕ್ಸೆಲ್‌ಗೆ 4 ಬೈಟ್‌ನಂತೆ ಹಿಡಿದರೂ 15 ಎಂಬಿ ದಾಟುತ್ತದೆ. ನಾನು ಹಿನ್ನೆಲೆ ಬಣ್ಣಕ್ಕೊಂದು, ಅಳತೆ ಗೆರೆಗೊಂದು, ಆಯ್ಕೆಯ ಚೌಕಕ್ಕೊಂದು ಎಂದು ಹಾಳೆಯಷ್ಟೇ ದೊಡ್ಡ ಮೂರು ವ್ಯೂ ಪೇರಿಸಿ, ಮೂರನ್ನೂ ಚಿತ್ರ ಬಿಡಿಸುವ ಫಂಕ್ಷನ್ 'ಡ್ರಾ'ದಲ್ಲಿ ಬಿಡಿಸಿದ್ದೆ. ಬರೀ ಬಣ್ಣ ತುಂಬಲು 'ಡ್ರಾ' ಬೇಕಿಲ್ಲ. 'ವಾಂಟ್ಸ್‌ಅಪ್‌ಡೇಟ್‌ಲೇಯರ್' ಟ್ರೂ ಮಾಡಿ 'ಅಪ್‌ಡೇಟ್‌ಲೇಯರ್' ಒಳಗೆ ಲೇಯರ್‌ನ ಹಿನ್ನೆಲೆ ಬಣ್ಣ ಕೊಟ್ಟರೆ ಆ 15 ಎಂಬಿ ಉಳಿಯಿತು. ಬಣ್ಣವನ್ನು ಅಲ್ಲೇ ಕೊಡಿ, ವ್ಯೂ ಹುಟ್ಟುವಾಗ ಓಡುವ ಇನಿಟ್‌ನಲ್ಲಿ ಬೇಡ. ಸಂಜೆ ಮ್ಯಾಕ್ ಡಾರ್ಕ್ ಮೋಡ್‌ಗೆ ಹೊರಳಿದಾಗ ಆ್ಯಪ್‌ಕಿಟ್ 'ಅಪ್‌ಡೇಟ್‌ಲೇಯರ್' ಅನ್ನು ಮತ್ತೆ ಕರೆಯುತ್ತದೆ. ಇನಿಟ್‌ನಲ್ಲಿ ಕೊಟ್ಟ ಬಿಳುಪು ಹಾಗೇ ಕಣ್ಣಿಗೆ ಹೊಡೆಯುತ್ತಿರುತ್ತದೆ.