ಒಂದೇ ಹೊಳ್ಳೆಯಿಂದ ರಕ್ತ: ನಾಯಿಗೆ ಮೂಗಿನ ಕ್ಯಾನ್ಸರ್ ಇರಬಹುದಾ?

ಪ್ರಶ್ನೆ: ನಮ್ಮ ನಾಯಿಗೆ ಹತ್ತು ವರ್ಷ. ಬಲಗಡೆ ಹೊಳ್ಳೆಯಿಂದ ಆಗಾಗ ರಕ್ತ ಬರುತ್ತದೆ, ಸೀನು ಜಾಸ್ತಿ. ಆ್ಯಂಟಿಬಯಾಟಿಕ್ ಕೊಟ್ಟರೆ ಕಮ್ಮಿಯಾಗುತ್ತದೆ, ನಿಲ್ಲಿಸಿದರೆ ಮತ್ತೆ ಶುರು. ಕ್ಯಾನ್ಸರ್ ಇರಬಹುದಾ? ಇದ್ದರೆ ಚಿಕಿತ್ಸೆ ಇದೆಯಾ?

ಉತ್ತರ: ಇರಬಹುದು. ವಯಸ್ಸಾದ ನಾಯಿಗೆ ಒಂದೇ ಕಡೆಯಿಂದ ಪದೇ ಪದೇ ರಕ್ತ ಬರುತ್ತಿದ್ದರೆ ಆ ಸಂಶಯವನ್ನು ತಳ್ಳಿಹಾಕುವ ಹಾಗಿಲ್ಲ. ಔಷಧಿಗೆ ಕಮ್ಮಿಯಾಯಿತು ಅಂತ ಸಮಾಧಾನ ಪಟ್ಟುಕೊಳ್ಳಲೂ ಬೇಡಿ. ಗಡ್ಡೆಯ ಸುತ್ತ ಸೋಂಕು ಸೇರಿಕೊಂಡಿರುತ್ತದೆ. ಆ್ಯಂಟಿಬಯಾಟಿಕ್ ಇಳಿಸುವುದು ಅದನ್ನಷ್ಟೇ. ಗಡ್ಡೆ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಹೀಗೆ ಔಷಧಿ ಬದಲಿಸುತ್ತಲೇ ತಿಂಗಳುಗಳು ಕಳೆದುಹೋಗುತ್ತವಲ್ಲ, ಅದೇ ಸಂಕಟ.

ಹಾಗಂತ ರಕ್ತ ಬಂದಿದ್ದೆಲ್ಲ ಕ್ಯಾನ್ಸರ್ ಅಲ್ಲ. ಉಣ್ಣಿ ಕಡಿತದಿಂದ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದರೂ ಮೂಗಿನಿಂದ ರಕ್ತ ಬರುತ್ತದೆ. ಬಿಪಿ ಏರಿದರೂ ಬರುತ್ತದೆ. ಆಸ್ಪರ್ಜಿಲಸ್ ಎಂಬ ಫಂಗಸ್, ಮೇಲಿನ ಹಲ್ಲಿನ ಬೇರಿನಲ್ಲಿ ಕೀವು, ಒಳಗೆ ಸಿಕ್ಕಿಕೊಂಡ ಹುಲ್ಲಿನ ಚೂರು, ಹೀಗೆ ಕಾರಣಗಳು ಹಲವು. ಅದಕ್ಕೇ ಮೊದಲು ರಕ್ತ ಪರೀಕ್ಷೆ, ಬಿಪಿ, ಬಾಯಿಯ ತಪಾಸಣೆ.

ಮನೆಯಲ್ಲೂ ಒಂದು ಕೆಲಸ ಮಾಡಿ ನೋಡಬಹುದು. ನಾಯಿ ಬಾಯಿ ಮುಚ್ಚಿಕೊಂಡು ಆರಾಮಾಗಿ ಮಲಗಿರುವಾಗ, ಹತ್ತಿಯ ತೆಳು ಎಳೆಯೊಂದನ್ನು ಒಂದು ಹೊಳ್ಳೆಯ ಮುಂದೆ ಹಿಡಿಯಿರಿ, ಆಮೇಲೆ ಇನ್ನೊಂದರ ಮುಂದೆ. ಉಸಿರಿಗೆ ಎಳೆ ಎರಡೂ ಕಡೆ ಅಲುಗಬೇಕು. ಒಂದು ಕಡೆ ಅಲುಗದಿದ್ದರೆ ಆ ದಾರಿ ಕಟ್ಟಿಕೊಂಡಿರಬಹುದು. ಮೂಗಿನ ಮೇಲೆ ಉಬ್ಬು ಬಂದಿದೆಯಾ, ಒಂದು ಕಣ್ಣು ಮುಂದೆ ಚಾಚಿದೆಯಾ ಅಂತಲೂ ನೋಡಿ ವೈದ್ಯರಿಗೆ ಹೇಳಿ.

ಎಕ್ಸ್‌ರೇಯಲ್ಲಿ ಮೂಳೆಗಳ ನೆರಳು ಒಂದರ ಮೇಲೊಂದು ಬೀಳುತ್ತದೆ, ಸಣ್ಣ ಗಡ್ಡೆ ತಪ್ಪಿಹೋಗಬಹುದು. ಸಿಟಿ ಸ್ಕ್ಯಾನ್ ಚೆನ್ನಾಗಿ ತೋರಿಸುತ್ತದೆ. ಮೂಗಿಗೂ ಮಿದುಳಿಗೂ ನಡುವೆ ತೂತು ತೂತಾದ ತೆಳು ಮೂಳೆಯೊಂದಿದೆ. ಗಡ್ಡೆ ಅದನ್ನು ಒಡೆದು ಆಚೆ ಹೋಗಿದೆಯೇ ಅನ್ನುವುದು ಈ ಸ್ಕ್ಯಾನ್‌ನಲ್ಲೇ ಗೊತ್ತಾಗುತ್ತದೆ. ಆದರೆ ಕೊನೆಯ ಮಾತು ಬಯಾಪ್ಸಿಯದು. ಅರಿವಳಿಕೆ ಕೊಟ್ಟು ಗಡ್ಡೆಯ ಚೂರು ತೆಗೆಯುತ್ತಾರೆ. ಅದಕ್ಕೂ ಮುಂಚೆ ಹೊಳ್ಳೆಯಿಂದ ಕಣ್ಣಿನ ಒಳಮೂಲೆಯವರೆಗಿನ ಉದ್ದವನ್ನು ಉಪಕರಣದ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ಅದಕ್ಕಿಂತ ಒಳಗೆ ಹೋದರೆ ಆ ತೆಳು ಮೂಳೆಗೆ ತಗಲುವ ಅಪಾಯ.

ಬಯಾಪ್ಸಿ ಬೇಡ ಅನ್ನುವವರಿಗೆ ಒಂದು ಮಾತು ಹೇಳಲೇಬೇಕು. ಟಿವಿಟಿ ಅಂತ ಒಂದು ಗಡ್ಡೆಯಿದೆ. ಕೂಡುವುದರಿಂದ, ಮೂಸುವುದರಿಂದ, ನೆಕ್ಕುವುದರಿಂದ ನಾಯಿಯಿಂದ ನಾಯಿಗೆ ಹರಡುತ್ತದೆ. ಮೂಗಿನೊಳಗೂ ಬೆಳೆಯುತ್ತದೆ. ವಾರಕ್ಕೊಮ್ಮೆ ಕೊಡುವ ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಇದು ಬಹುತೇಕ ಪೂರ್ತಿ ವಾಸಿಯಾಗುತ್ತದೆ! ಪರೀಕ್ಷೆ ಮಾಡದೆ ಕೈಚೆಲ್ಲಿದರೆ ವಾಸಿಯಾಗುವ ನಾಯಿಯನ್ನೂ ಕಳೆದುಕೊಳ್ಳಬಹುದು.

ಉಳಿದ ಗಡ್ಡೆಗಳಲ್ಲಿ ಹೆಚ್ಚಿನವು ಕಾರ್ಸಿನೋಮ, ಅಂದರೆ ಮೂಗಿನ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್. ಮಿಕ್ಕವು ಬಹುಪಾಲು ಸಾರ್ಕೋಮ, ಅಂದರೆ ಮೂಳೆ, ಮೃದುಮೂಳೆಯಂಥ ಭಾಗದಲ್ಲಿ ಹುಟ್ಟುವಂಥದು. ಇವು ಬೇರೆ ಅಂಗಕ್ಕೆ ಹರಡುವುದು ನಿಧಾನ, ಇದ್ದಲ್ಲೇ ಮೂಳೆ ತಿನ್ನುವುದು ಜಾಸ್ತಿ. ಬರೀ ಆಪರೇಷನ್‌ನಿಂದ ಬೇರುಸಮೇತ ತೆಗೆಯುವುದು ಕಷ್ಟ, ಪಕ್ಕದಲ್ಲೇ ಕಣ್ಣು, ಮಿದುಳು ಇವೆ. ಮುಖ್ಯ ಚಿಕಿತ್ಸೆ ರೇಡಿಯೇಶನ್. ಪ್ರತಿ ಸಲವೂ ಅರಿವಳಿಕೆ ಬೇಕು. ಬಾಯಿ ಹುಣ್ಣು, ಚರ್ಮ ಕೆಂಪಾಗುವುದು, ಕಣ್ಣು ಒಣಗುವುದು ಇದರ ಅಡ್ಡಪರಿಣಾಮಗಳು. ಕಾರ್ಸಿನೋಮಕ್ಕೆ ಚಿಕಿತ್ಸೆಯಿಲ್ಲದಿದ್ದರೆ ಆಯುಸ್ಸು ಸಾಮಾನ್ಯವಾಗಿ 3 ತಿಂಗಳ ಆಸುಪಾಸು. ರೇಡಿಯೇಶನ್ ಆದ ಎಷ್ಟೋ ನಾಯಿಗಳು ವರ್ಷದ ಹತ್ತಿರ, ಕೆಲವು ಅದಕ್ಕೂ ಜಾಸ್ತಿ ಬದುಕುತ್ತವೆ. ಪೂರ್ತಿ ವಾಸಿಯಾಗುವುದು ಅಪರೂಪ.

ರೇಡಿಯೇಶನ್ ಆಗದಿದ್ದರೂ ನೋವು ಕಮ್ಮಿ ಮಾಡಬಹುದು. ಪೈರಾಕ್ಸಿಕಾಮ್‌ನಂಥ ಮಾತ್ರೆಯನ್ನು ವೈದ್ಯರು ಬರೆದುಕೊಡಬಹುದು. ಅದರ ಜೊತೆ ಸ್ಟೀರಾಯ್ಡ್ ಬೇಡ. ನಿಮ್ಮ ಮಾತ್ರೆಯ ಡಬ್ಬಿಯಿಂದ ಐಬುಪ್ರೊಫೇನ್ ಕೊಡಲೇಬೇಡಿ, ನಾಯಿಗೆ ಅದು ವಿಷ. ವಾಸನೆ ತಿಳಿಯದೆ ಊಟ ಬಿಟ್ಟರೆ ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ. ರಕ್ತ ಸುರಿದಾಗ ನಾಯಿಯನ್ನು ಸುಮ್ಮನೆ ಮಲಗಿಸಿ, ಮೂಗಿನ ಮೇಲೆ ಬಟ್ಟೆ ಸುತ್ತಿದ ಐಸ್ ಇಡಿ, ಹೊಳ್ಳೆಯೊಳಗೆ ಏನನ್ನೂ ತುರುಕಬೇಡಿ. ರಕ್ತ ನಿಲ್ಲದಿದ್ದರೆ ಅಥವಾ ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.