ಚಟದ ಮೇಲಿನ ತೆರಿಗೆ: ಬಿಡಿಸಲಿಕ್ಕೋ, ಬೊಕ್ಕಸ ತುಂಬಲಿಕ್ಕೋ?

ಪ್ರಶ್ನೆ: ಸಿಗರೇಟು, ಮದ್ಯ, ಸಕ್ಕರೆ ಪಾನೀಯಗಳ ಮೇಲೆ ತೆರಿಗೆ ಏರಿಸುವಾಗಲೆಲ್ಲ ಸರ್ಕಾರಗಳು ಜನರ ಆರೋಗ್ಯದ ಮಾತಾಡುತ್ತವೆ. ಸೇದುವವರು ಸೇದುತ್ತಲೇ ಇದ್ದಾರೆ, ಕುಡಿಯುವವರು ಕುಡಿಯುತ್ತಲೇ ಇದ್ದಾರೆ. ಈ ತೆರಿಗೆಯಿಂದ ನಿಜವಾಗಿಯೂ ಯಾರಾದರೂ ಚಟ ಬಿಡುತ್ತಾರೆಯೇ? ಅಥವಾ ಇದು ಸುಲಭವಾಗಿ ಹಣ ಎತ್ತುವ ದಾರಿಯಷ್ಟೆಯೇ?

ಉತ್ತರ: ಬಿಡುತ್ತಾರೆ. ಆದರೆ ನಾವು ಕಣ್ಣು ಹಾಯಿಸುವ ಕಡೆ ಅವರು ಕಾಣುವುದಿಲ್ಲ. ಇಪ್ಪತ್ತು ವರ್ಷದಿಂದ ಸೇದುತ್ತಿರುವ ಪರಿಚಿತರನ್ನು ನೋಡಿ ನಾವು ತೀರ್ಮಾನಕ್ಕೆ ಬರುತ್ತೇವೆ. ಅವರಲ್ಲಿ ಹೆಚ್ಚಿನವರು ಬೆಲೆ ಏರಿದರೂ ಗೊಣಗಿಕೊಂಡು ಕೊಳ್ಳುತ್ತಾರೆ, ನಿಜ. ಇನ್ನೂ ಮೊದಲ ಸಿಗರೇಟು ಹಚ್ಚದ ಹದಿನಾರರ ಹುಡುಗ ಮಾತ್ರ ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಬೆಲೆ ನೋಡಿ ಅವನು ಸುಮ್ಮನಾದರೆ ಅದು ಯಾರ ಗಮನಕ್ಕೂ ಬಾರದ ಸಂಗತಿ. ನನ್ನ ಮಟ್ಟಿಗೆ ಈ ತೆರಿಗೆಯ ಅತಿ ದೊಡ್ಡ ಫಲ ಅವನೇ.

ತಂಬಾಕಿನ ವಿಷಯದಲ್ಲಿ ಲೆಕ್ಕ ಸಾಕಷ್ಟು ಗಟ್ಟಿಯಾಗಿದೆ. ಬೆಲೆ ಶೇ 10ರಷ್ಟು ಏರಿದರೆ ಶ್ರೀಮಂತ ದೇಶಗಳಲ್ಲಿ ಬಳಕೆ ಸುಮಾರು ಶೇ 4ರಷ್ಟು ಇಳಿಯುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು ಶೇ 5ರಷ್ಟು. ಕೈಯಲ್ಲಿ ಹಣ ಕಡಿಮೆ ಇರುವ ಹದಿಹರೆಯದವರು ದೊಡ್ಡವರಿಗಿಂತ ಹೆಚ್ಚು ಹಿಂಜರಿಯುತ್ತಾರೆ. ಈ ಕಾರಣಕ್ಕೇ ಸಿಗರೇಟಿನ ಚಿಲ್ಲರೆ ಬೆಲೆಯಲ್ಲಿ ತೆರಿಗೆಯ ಪಾಲು ಕನಿಷ್ಠ ಶೇ 75 ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದೇ ಅಂಕಿಯಲ್ಲಿ ನಿಮ್ಮ ಅನುಮಾನಕ್ಕೂ ಆಧಾರವಿದೆ. ಬೆಲೆ ಏರಿದಷ್ಟು ಬಳಕೆ ಇಳಿಯದ ಕಾರಣ ಸರ್ಕಾರದ ಆದಾಯ ಹೆಚ್ಚುತ್ತದೆ. ಎರಡು ಉದ್ದೇಶಗಳೂ ಒಂದೇ ಗಾಡಿಗೆ ಹೂಡಿದ ಎತ್ತುಗಳ ಹಾಗೆ ಬಹುಕಾಲದಿಂದ ಜೊತೆಯಲ್ಲೇ ನಡೆದುಬಂದಿವೆ. ಸಕ್ಕರೆ, ರಮ್, ತಂಬಾಕು ಬದುಕಿಗೆ ಅನಿವಾರ್ಯವಲ್ಲ, ಆದರೂ ಎಲ್ಲರೂ ಬಳಸುತ್ತಾರೆ, ಆದ್ದರಿಂದ ತೆರಿಗೆಗೆ ತಕ್ಕ ವಸ್ತುಗಳು ಎಂದು ಆಡಂ ಸ್ಮಿತ್ 1776ರಲ್ಲೇ ಬರೆದಿದ್ದ. ಒಬ್ಬರ ನಡತೆಯಿಂದ ಇತರರಿಗಾಗುವ ನಷ್ಟವನ್ನು ಬೆಲೆಯೊಳಗೇ ಸೇರಿಸಬೇಕು ಎಂಬ ವಾದವನ್ನು 1920ರಲ್ಲಿ ವಿಸ್ತರಿಸಿದವನು ಮತ್ತೊಬ್ಬ ಅರ್ಥಶಾಸ್ತ್ರಜ್ಞ, ಆರ್ಥರ್ ಪಿಗೂ. ಹೊಗೆ ಪಕ್ಕದವರ ಶ್ವಾಸಕೋಶಕ್ಕೂ ಇಳಿಯುತ್ತದೆ, ಕುಡಿದು ಓಡಿಸಿದ ವಾಹನ ದಾರಿಹೋಕನ ಮೇಲೂ ಹರಿಯುತ್ತದೆ. ಅಂಗಡಿಯ ಬೆಲೆಪಟ್ಟಿಯಲ್ಲಿ ಈ ನಷ್ಟ ಇರುವುದಿಲ್ಲ.

ಹಾಗಾದರೆ ಒಂದು ತೆರಿಗೆ ಯಾವ ಉದ್ದೇಶದ್ದೆಂದು ಗುರುತಿಸುವುದು ಹೇಗೆ? ಅದನ್ನು ಕಟ್ಟಿರುವ ರೀತಿಯನ್ನು ನೋಡಬೇಕು. ಬ್ರಿಟನ್ನಿನ ತಂಪು ಪಾನೀಯಗಳ ತೆರಿಗೆ ನನಗೆ ಬಹಳ ಮೆಚ್ಚುಗೆಯಾದ ಉದಾಹರಣೆ. 100 ಮಿಲಿ ಲೀಟರಿನಲ್ಲಿ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ತೆರಿಗೆಯೇ ಇಲ್ಲ. 5 ಗ್ರಾಂ ಮುಟ್ಟಿದರೆ ಲೀಟರಿಗೆ 18 ಪೆನ್ಸ್. 8 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ 24 ಪೆನ್ಸ್. ಆರಂಭದ ದರಗಳು ಇವು. 2016ರಲ್ಲಿ ಘೋಷಿಸಿ 2018ರ ಏಪ್ರಿಲ್‌ನಲ್ಲಿ ಜಾರಿಗೆ ತಂದರು. ನಡುವಿನ ಎರಡು ವರ್ಷದಲ್ಲಿ ನಡೆದದ್ದೇ ಈ ಕಥೆಯ ಜೀವಾಳ. ಕಂಪನಿಗಳು ತೆರಿಗೆ ಕಟ್ಟುವ ಬದಲು ತಮ್ಮ ಪಾನೀಯಗಳ ಸಕ್ಕರೆಯನ್ನೇ ಇಳಿಸಿದವು. ಗ್ರಾಹಕ ಅಭ್ಯಾಸ ಬದಲಿಸದಿದ್ದರೂ ಅವನ ಬಾಟಲಿಯೊಳಗಿನ ಸಕ್ಕರೆ ಕಡಿಮೆಯಾಯಿತು. ಮೊದಲು ಸುಮಾರು 52 ಕೋಟಿ ಪೌಂಡ್ ಬರಬಹುದೆಂದು ಅಂದಾಜಿಸಿದ್ದರು. ಮೊದಲ ವರ್ಷ ಬಂದದ್ದು ಸುಮಾರು 24 ಕೋಟಿ. ಬೊಕ್ಕಸದ ಲೆಕ್ಕದಲ್ಲಿ ಅದು ಕೊರತೆ, ಆರೋಗ್ಯದ ಲೆಕ್ಕದಲ್ಲಿ ಗಳಿಕೆ. ಮೆಕ್ಸಿಕೊ 2014ರಲ್ಲಿ ಸಕ್ಕರೆ ಪಾನೀಯಗಳ ಮೇಲೆ ಲೀಟರಿಗೆ 1 ಪೆಸೊ ಹಾಕಿದಾಗ ಮೊದಲ ವರ್ಷ ಖರೀದಿ ಸರಾಸರಿ ಶೇ 6ರಷ್ಟು ಇಳಿದಿತ್ತು. ಅಲ್ಲಿ ಸಕ್ಕರೆಯ ಪ್ರಮಾಣ ಎಷ್ಟೇ ಇರಲಿ, ದರ ಒಂದೇ ಆಗಿತ್ತು. ಆದ್ದರಿಂದ ಪಾನೀಯದಲ್ಲಿ ಸಕ್ಕರೆ ಇಳಿಸುವ ಕಂಪನಿಗೆ ತೆರಿಗೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಸೋತ ಉದಾಹರಣೆಯೂ ಇದೆ. ಡೆನ್ಮಾರ್ಕ್ 2011ರ ಅಕ್ಟೋಬರ್‌ನಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಮೇಲೆ ತೆರಿಗೆ ಹಾಕಿತು. ಬೆಣ್ಣೆ, ಚೀಸ್, ಮಾಂಸ ಎಲ್ಲವೂ ಅದರ ಬಲೆಗೆ ಬಿದ್ದವು. ಗಡಿ ದಾಟಿ ಜರ್ಮನಿಯಲ್ಲಿ ಸಾಮಾನು ಕೊಳ್ಳುವವರ ಬಗ್ಗೆ ದೂರು, ಉದ್ಯಮಗಳ ವಿರೋಧ, ಲೆಕ್ಕ ಇಡುವ ತಲೆನೋವು, ಎಲ್ಲ ಸೇರಿ 2013ರ ಆರಂಭದಲ್ಲಿ ಅದು ರದ್ದಾಯಿತು. ಇದಕ್ಕೆ ತದ್ವಿರುದ್ಧವಾಗಿ ಐರ್ಲೆಂಡ್ 2002ರಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ಬರೀ 15 ಸೆಂಟ್ ಹಾಕಿದಾಗ, ಒಬ್ಬರಿಗೆ ವರ್ಷಕ್ಕೆ 328 ಇದ್ದ ಚೀಲಗಳ ಬಳಕೆ 21ಕ್ಕೆ ಇಳಿಯಿತು. ಕೈಚೀಲಕ್ಕೆ ಯಾರೂ ದಾಸರಲ್ಲ, ಮನೆಯಿಂದ ಬಟ್ಟೆಚೀಲ ತಂದರೆ ಆಯಿತು. ಬದಲಿ ವಸ್ತು ಎಷ್ಟು ಸುಲಭವಾಗಿ ಸಿಗುತ್ತದೋ ತೆರಿಗೆ ಅಷ್ಟು ಚುರುಕಾಗಿ ಕೆಲಸ ಮಾಡುತ್ತದೆ. ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್‌ಗೆ ಅಂಥ ಸುಲಭ ಬದಲಿ ಇಲ್ಲ.

ತೆರಿಗೆ ಏರಿದರೆ ಕಳ್ಳಸಾಗಣೆ ಹೆಚ್ಚುತ್ತದೆ ಎಂಬುದು ತಂಬಾಕು ಕಂಪನಿಗಳ ಹಳೆಯ ವಾದ. ಅದರಲ್ಲಿ ಅರ್ಧ ಸತ್ಯವಿದೆ. ಕಾವಲು ಸಡಿಲವಿದ್ದ ಕಡೆ ಹಾಗಾಗುತ್ತದೆ. ಆದರೆ ಬ್ರಿಟನ್ 2000ದಿಂದ ಕಾವಲು ಬಿಗಿ ಮಾಡಿದ ಮೇಲೆ, ತೆರಿಗೆ ಏರುತ್ತಿದ್ದಾಗಲೂ ಕಳ್ಳ ಸಿಗರೇಟಿನ ಪಾಲು ಇಳಿಯಿತು.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಬೇರೆ: ಈ ತೆರಿಗೆ ಬಡವರಿಗೆ ಹೆಚ್ಚು ಭಾರ. ಇಬ್ಬರೂ ಒಂದೇ ಪೊಟ್ಟಣ ಕೊಂಡರೂ ಕೂಲಿಯವನ ಆದಾಯದಲ್ಲಿ ಅದರ ಪಾಲು ದೊಡ್ಡದು. ಬೆಲೆ ಏರಿದಾಗ ಬಳಕೆಯನ್ನು ಹೆಚ್ಚಾಗಿ ಇಳಿಸುವವರೂ ಬಡವರೇ, ರೋಗದಿಂದ ಹೆಚ್ಚು ಪಾರಾಗುವವರೂ ಅವರೇ ಎಂದು ತಜ್ಞರು ಉತ್ತರಿಸುತ್ತಾರೆ. ಒಟ್ಟು ಲೆಕ್ಕದಲ್ಲಿ ಅದು ಸರಿ. ಆದರೆ ಬಿಡಲಾಗದೆ ಒದ್ದಾಡುವ ಒಬ್ಬನಿಗೆ ಒಟ್ಟು ಲೆಕ್ಕದಿಂದ ಸಮಾಧಾನವಾಗದು. ಅವನ ಮನೆಯ ಹಾಲು, ತರಕಾರಿಯ ಹಣವೇ ಹೊಗೆಯಾಗುತ್ತದೆ. ಅವನಿಂದ ತೆಗೆದುಕೊಂಡ ಹಣದಲ್ಲಿ ಅವನಿಗೆ ಚಟ ಬಿಡಿಸುವ ಚಿಕಿತ್ಸೆಯನ್ನೂ ಕೊಡದ ಸರ್ಕಾರಕ್ಕೆ ಆರೋಗ್ಯದ ಹೆಸರು ಹೇಳುವ ಹಕ್ಕಿಲ್ಲ ಎಂದೇ ನಾನು ಭಾವಿಸುತ್ತೇನೆ.

ಫಿಲಿಪ್ಪೀನ್ಸ್ ಈ ಋಣವನ್ನು ಕಾನೂನಿನಲ್ಲೇ ಬರೆದುಕೊಂಡಿತು. 2012ರ ಕಾಯ್ದೆಯಲ್ಲಿ ತಂಬಾಕು ಮತ್ತು ಮದ್ಯದ ಸುಂಕ ಏರಿಸಿ, ಅದರಿಂದ ಬಂದ ಹೆಚ್ಚುವರಿ ಹಣದ ಬಹುಪಾಲನ್ನು ಆರೋಗ್ಯಕ್ಕೆ ಮೀಸಲಿಟ್ಟರು. ಲಕ್ಷಾಂತರ ಬಡ ಕುಟುಂಬಗಳ ಆರೋಗ್ಯ ವಿಮೆಯ ಕಂತನ್ನು ಸರ್ಕಾರ ಕಟ್ಟಲು ಸಾಧ್ಯವಾದದ್ದು ಆ ಹಣದಿಂದ. ತಂಬಾಕು ಬೆಳೆಯುವ ರೈತರು ಬೇರೆ ಜೀವನೋಪಾಯಕ್ಕೆ ಹೊರಳಲೆಂದು ಅವರ ಪ್ರದೇಶಗಳಿಗೂ ಒಂದು ಪಾಲು ತೆಗೆದಿಟ್ಟಿದ್ದರು.